ಗುರುಜಿ, ಪೇಪರ್ ಸುತ್ತಲೇನ್ರಿ?

ಇವತ್ತು ಪಾಠದ ಮಾತಲ್ಲ, ಗಡಿಯ ಗೋಳೂ ಅಲ್ಲ. ಬಾಟಲಿಯ ಮಾತು. ಗುರುಜಿ ಆದವನು ಇದನ್ನು ಬರೆಯಬೇಕೇ ಎಂದು ಕೆಲವರು ಹುಬ್ಬೇರಿಸಬಹುದು. ಓದಿ ಮುಗಿಸಿ ಬೈಯಿರಿ, ಅಡ್ಡಿಯಿಲ್ಲ.

ಕಳೆದ ತಿಂಗಳ ಒಂದು ಶನಿವಾರ. ಶಾಲೆ ಮುಂಜಾನೆಯೇ ಮುಗಿದಿತ್ತು. ಸಂತೆ ಮಾಡಲು ಜತ್ತಿಗೆ ಹೋದವನು ಬರುವಾಗ ಒಂದು ಬಿಯರ್ ಶಾಪಿಯ ಮುಂದೆ ಗಾಡಿ ನಿಲ್ಲಿಸಿದೆ. ನಮ್ಮ ಮಹಾರಾಷ್ಟ್ರದಲ್ಲಿ ಬಿಯರ್ ಮತ್ತು ವೈನ್ ಮಾತ್ರ ಮಾರುವ ಅಂಗಡಿಗೆ ಹೀಗೆನ್ನುತ್ತಾರೆ. ವಿಚಿತ್ರವೆಂದರೆ ವಿಸ್ಕಿ, ರಮ್ಮು ರಾಶಿ ರಾಶಿ ಮಾರುವ ಅಂಗಡಿಯ ಹೆಸರು 'ವೈನ್ ಶಾಪ್'! ಇರಲಿ. ಕೌಂಟರಿನ ಹಿಂದಿದ್ದ ಹುಡುಗ ನನ್ನನ್ನು ಕಂಡವನೇ ಮೊಬೈಲ್ ಕೆಳಗಿಟ್ಟು ಎದ್ದು ನಿಂತ. ನಾಲ್ಕನೆಯ ತರಗತಿಯವರೆಗೆ ನನ್ನ ಕೈಯಲ್ಲೇ ಕಲಿತವನು. ಹದಿನೇಳರ ಮಗ್ಗಿಯಲ್ಲಿ ಯಾವಾಗಲೂ ಎಡವುತ್ತಿದ್ದ. ಈಗ ಮೀಸೆ ಬಂದಿದೆ. ನಾನು ಒಂದು ಸಣ್ಣ ಬಿಯರ್, ಒಂದು ಕೆಂಪು ವೈನ್ ಕೇಳಿದೆ. ಅವನು ಆಚೆ ಈಚೆ ನೋಡಿ, ದನಿ ಇಳಿಸಿ, "ಗುರುಜಿ, ಪೇಪರ್ ಸುತ್ತಲೇನ್ರಿ?" ಅಂದ.

"ಸುತ್ತಪ್ಪ" ಅಂದೆ. ಮರಾಠಿ ಪತ್ರಿಕೆಯ ಹಾಳೆ ಹರಿದು ಎರಡನ್ನೂ ಸುತ್ತಿ, ಮೇಲೊಂದು ಕಪ್ಪು ಚೀಲ ಹಾಕಿ, ಕದ್ದ ಸಾಮಾನು ಕೊಟ್ಟಂತೆ ಕೊಟ್ಟ. ನಾನೂ ಕಳ್ಳನಂತೆ ತಗೊಂಡು ಡಿಕ್ಕಿಯಲ್ಲಿ ಇಟ್ಟೆ.

ಊರು ಮುಟ್ಟುವ ತನಕ ಅದೇ ಯೋಚನೆ. ಕಾನೂನಿನ ಪ್ರಕಾರ ನಾನು ತಪ್ಪು ಮಾಡಿಲ್ಲ. ನಮ್ಮ ರಾಜ್ಯದಲ್ಲಿ 1949ರ ದಾರೂಬಂದಿ ಕಾಯ್ದೆ ಇನ್ನೂ ಜೀವಂತವಿದೆ, ಕುಡಿಯುವವನು ಪರವಾನಗಿ ಇಟ್ಟುಕೊಳ್ಳಬೇಕು. ನನ್ನ ಹತ್ತಿರ ಆಜೀವ ಪರವಾನಗಿಯೇ ಇದೆ. ಟಿಸಿಎಚ್ ಸರ್ಟಿಫಿಕೇಟು, ಬಿಎ ಪದವಿ ಪತ್ರ, ದಾರೂ ಪರವಾನಗಿ, ಮೂರೂ ಒಂದೇ ಫೈಲಿನಲ್ಲಿವೆ. ಹಾಗಿದ್ದರೆ ಪೇಪರ್ ಯಾಕೆ ಸುತ್ತಿಸಿಕೊಂಡೆ?

ಮೊದಲು ನನ್ನ ರುಚಿಯ ಕಥೆ ಹೇಳಿಬಿಡುತ್ತೇನೆ.

ಮೊದಲ ಬಿಯರ್ ಕುಡಿದದ್ದು ವಿಜಾಪುರದಲ್ಲಿ, ಟಿಸಿಎಚ್ ಕಲಿಯುವಾಗ. ನಾಲ್ವರು ಸೇರಿ ದುಡ್ಡು ಹಾಕಿ ಎರಡು ಸ್ಟ್ರಾಂಗ್ ಬಿಯರ್ ತಂದಿದ್ದೆವು. ರೂಮಿನ ಬಾಗಿಲು ಹಾಕಿ, ದೀಪ ಆರಿಸಿ, ಮಾಲಕರು ಬರುವುದರೊಳಗೆ ಮುಗಿಸಬೇಕೆಂದು ಔಷಧ ನುಂಗಿದ ಹಾಗೆ ನುಂಗಿದೆವು. ರುಚಿ ಹೇಗಿತ್ತು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ಕಹಿ ಇತ್ತು, ಬೆಚ್ಚಗಿತ್ತು, ತಲೆ ತಿರುಗಿತು. ಅಷ್ಟೇ. ನಾಲಿಗೆಯ ಕೆಲಸ ಏನೂ ಇರಲಿಲ್ಲ, ಎಲ್ಲ ತಲೆಯ ಕೆಲಸ.

ಬಿಯರಿಗೂ ರುಚಿ ಇದೆ ಎಂದು ಗೊತ್ತಾಗಲು ಮತ್ತೆ ಹತ್ತು ವರ್ಷ ಬೇಕಾಯಿತು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಅದರ ಸಿಹಿ ರಸಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಸೇರಿಸಿ ಹುಳಿಸುತ್ತಾರೆ. ಕಹಿ ಬರುವುದು ಹಾಪ್ಸಿನಿಂದ. ಹಗುರ ಬಿಯರಿನಲ್ಲಿ ಆ ಕಹಿಯ ಹಿಂದೆ ಹುರಿದ ಕಾಳಿನ, ಹೊಸ ರೊಟ್ಟಿಯ ವಾಸನೆ ಸಣ್ಣಗೆ ಬರುತ್ತದೆ. ಸ್ಟ್ರಾಂಗ್ ಬಿಯರಿನಲ್ಲಿ ನನಗೆ ಕಾಣುವುದು ಒಂದು ಬಗೆಯ ಮಂದ ಸಿಹಿ ಮತ್ತು ಗಂಟಲಿನ ಉರಿ ಮಾತ್ರ. ಆದರೂ ನಮ್ಮ ದೇಶದಲ್ಲಿ ಖರ್ಚಾಗುವ ಬಿಯರಿನಲ್ಲಿ ದೊಡ್ಡ ಪಾಲು ಸ್ಟ್ರಾಂಗೇ. "ಕೊಟ್ಟ ರೊಕ್ಕಕ್ಕ ಏನರ ಆಗಬೇಕಲ್ರಿ" ಎಂಬುದು ಸಾಮಾನ್ಯ ತರ್ಕ.

ನನ್ನ ಆಯ್ಕೆ ಮೈಲ್ಡ್ ಕಿಂಗ್‌ಫಿಶರ್, 330 ಮಿ.ಲೀ.ನ ಸಣ್ಣ ಬಾಟಲಿ, ಚೆನ್ನಾಗಿ ತಣ್ಣಗಿರಬೇಕು. ಜೊತೆಗೆ ಉಪ್ಪು ಹಾಕಿ ಕುದಿಸಿದ ಹಸಿ ಶೇಂಗಾ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಅಂಥ ದಿನ ಹೊತ್ತು ಮುಳುಗಿದ ಮೇಲೆ ಮಾಳಿಗೆಯಲ್ಲಿ ಕುಳಿತು ಇದಿಷ್ಟು ಮುಗಿಸಲು ನನಗೆ ಮುಕ್ಕಾಲು ತಾಸು ಬೇಕು. ಇನ್ನೊಂದು ಮಾತು. ಬಿಸಿಲಲ್ಲಿ ಇಟ್ಟ ಕ್ರೇಟಿನಿಂದ ಬಾಟಲಿ ತಗೊಳ್ಳಬೇಡಿ. ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾರುತ್ತದೆ. ಕಂದು ಗಾಜು ಇದನ್ನು ಬಹಳಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ.

ಇನ್ನು ವೈನ್. ಇದು ನಮಗೆ ಹತ್ತಿರದ ವಿಷಯ, ಯಾಕೆಂದರೆ ನಾವು ದ್ರಾಕ್ಷಿಯ ನಾಡಿನವರು. ಜತ್ತ, ತಾಸಗಾಂವ, ಗಡಿಯಾಚೆ ತಿಕೋಟಾ, ಎಲ್ಲೆಡೆ ತೋಟಗಳೇ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿಗೆ ಅಕ್ಟೋಬರ್ ಛಾಟಣಿ ಎಂದರೇನು ಎಂದು ಪುಸ್ತಕ ಮುಟ್ಟುವ ಮೊದಲೇ ಗೊತ್ತು. ಒಣದ್ರಾಕ್ಷಿ, ಅಂದರೆ ನಮ್ಮ ಬೇದಾಣಿ, ಅದರ ಶೆಡ್ಡುಗಳಲ್ಲಿ ಇವರ ಅವ್ವಂದಿರೇ ದುಡಿಯುತ್ತಾರೆ. ಸಾಂಗ್ಲಿಯ ಬೇದಾಣಿಗೆ ಜಿಐ ಮನ್ನಣೆಯೂ ಸಿಕ್ಕಿದೆ. ಇಷ್ಟೆಲ್ಲ ದ್ರಾಕ್ಷಿ ಬೆಳೆದೂ ವೈನ್ ಎಂದರೆ ಏನೆಂದು ನಮ್ಮೂರಲ್ಲಿ ತೊಂಬತ್ತು ಮಂದಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ನಾನು ಮೊದಲು ಕುಡಿದದ್ದು ಗೋವಾದ ಪೋರ್ಟ್ ವೈನ್, ಶಿಕ್ಷಕರ ಪ್ರವಾಸದಲ್ಲಿ. ಸಕ್ಕರೆ ಪಾನಕದಂತೆ ಸಿಹಿ. ವೈನ್ ಎಂದರೆ ಇದೇ ಎಂದುಕೊಂಡು ಬಹಳ ವರ್ಷ ಇದ್ದೆ. ಆಮೇಲೆ ಒಮ್ಮೆ ಪಂಢರಪುರದ ಕಡೆ ಹೋದಾಗ ಗೆಳೆಯರೊಬ್ಬರು ಅಕಲೂಜದ ಫ್ರಾತೆಲ್ಲಿ ವೈನ್ ಕೊಟ್ಟರು. ನಮ್ಮ ಪಕ್ಕದ ಸೋಲಾಪುರ ಜಿಲ್ಲೆಯದೇ ಮಾಲು! ಇಟಲಿಯ, ದಿಲ್ಲಿಯ ಮತ್ತು ಅಕಲೂಜದ ಮೂರು ಮನೆಗಳ ಅಣ್ಣತಮ್ಮಂದಿರು ಸೇರಿ ಶುರುಮಾಡಿದ್ದು, ಹೆಸರಿನ ಅರ್ಥವೂ ಇಟಲಿ ಭಾಷೆಯಲ್ಲಿ ಅಣ್ಣತಮ್ಮಂದಿರು ಎಂದೇ. ದ್ರಾಕ್ಷಿ ಸಾಂಜೊವೇಸೆ ಎಂಬ ಇಟಲಿಯ ತಳಿ. ಮೊದಲ ಗುಟುಕಿಗೆ ಮುಖ ಕಿವುಚಿದೆ. ಹುಳಿ, ಒಗರು, ಸಿಹಿಯೇ ಇಲ್ಲ. ಮೂರನೆಯ ಗುಟುಕಿಗೆ ನೇರಳೆ ಹಣ್ಣಿನ ನೆನಪು ಬಂತು. ಹುಡುಗನಿದ್ದಾಗ ಹಳ್ಳದ ದಂಡೆಯಲ್ಲಿ ತಿಂದು ನಾಲಿಗೆ ನೀಲಿ ಮಾಡಿಕೊಂಡ ಆ ಒಗರು. ಅಂದಿನಿಂದ ಸಿಹಿ ವೈನ್ ಬಿಟ್ಟೆ. ಮನೆಯವಳಿಗೂ ಒಂದು ಚಮಚ ರುಚಿ ತೋರಿಸಿದೆ. "ಕಷಾಯ ಐತಿ, ನೀವೇ ಕುಡೀರಿ" ಎಂದು ಲೋಟ ಸರಿಸಿದಳು. ಅದು ಅವಳ ರುಚಿ, ತಕರಾರಿಲ್ಲ.

ಪಕ್ಕದ ತೋಟದ ಕಾಕಾ ಒಮ್ಮೆ ಕೇಳಿದರು, "ಗುರುಜಿ, ನಮ್ಮ ಸೋನಾಕಾ, ತಾಸ್-ಎ-ಗಣೇಶದಾಗ ಇಂಥಾ ಕೆಂಪು ವೈನ್ ಯಾಕ ಆಗಂಗಿಲ್ಲ?" ಆಗುವುದಿಲ್ಲ. ನಮ್ಮದು ತಿನ್ನುವ ದ್ರಾಕ್ಷಿ: ದೊಡ್ಡ ಕಾಳು, ತೆಳು ಸಿಪ್ಪೆ, ಬೀಜವಿಲ್ಲ, ಬಣ್ಣ ಹಸಿರು. ಕೆಂಪು ವೈನಿನ ಬಣ್ಣ ಬರುವುದು ಸಿಪ್ಪೆಯಿಂದ, ಒಗರು ಸಿಪ್ಪೆ ಮತ್ತು ಬೀಜದಿಂದ. ಅದಕ್ಕೇ ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ಹುಳಿಸುತ್ತಾರೆ. ಶಿರಾಜ್, ಕ್ಯಾಬರ್ನೆಯಂಥ ವೈನ್ ತಳಿಗಳ ಕಾಳು ಸಣ್ಣದು, ಸಿಪ್ಪೆ ದಪ್ಪ. ತಟ್ಟೆಯಲ್ಲಿಟ್ಟರೆ ಯಾರೂ ಎರಡನೆಯ ಕಾಳು ಮುಟ್ಟುವುದಿಲ್ಲ.

ಹೇಗೆ ಕುಡಿಯಬೇಕು? ಕೆಂಪು ವೈನ್ ಫ್ರಿಜ್ಜಿನಲ್ಲಿ ಇಡಬಾರದು, ಕೋಣೆಯ ಉಷ್ಣತೆಯಲ್ಲಿರಬೇಕು ಎನ್ನುತ್ತಾರೆ. ಅದು ಥಂಡಿ ದೇಶದವರ ಕೋಣೆ, 16-18 ಡಿಗ್ರಿಯದು. ನಮ್ಮ ಏಪ್ರಿಲ್ ಕೋಣೆಯಲ್ಲಿಟ್ಟರೆ ವೈನ್ ಸಾರಿನಂತಾಗುತ್ತದೆ. ಅರ್ಧ ತಾಸು ಫ್ರಿಜ್ಜಿನಲ್ಲಿಡಿ. ಊಟದ ಜೊತೆ ಕುಡಿಯಿರಿ, ಆದರೆ ಖಾರದ ಜೊತೆ ಬೇಡ, ಒಗರು ವೈನಿಗೆ ಖಾರ ಸೇರಿದರೆ ಉರಿ ಹೆಚ್ಚಾಗುತ್ತದೆ. ನನಗೆ ಸರಿಹೊಂದಿದ್ದು ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿ. ಬದನೆಕಾಯಿಯೊಳಗಿನ ಶೇಂಗಾ, ಎಳ್ಳಿನ ಜಿಡ್ಡು ಆ ಒಗರನ್ನು ಮೆದು ಮಾಡುತ್ತದೆ. ಚಹಾದ ಗ್ಲಾಸಿನಲ್ಲೇ ಕುಡಿಯುತ್ತೇನೆ, ಕಾಲು ಉದ್ದದ ಗ್ಲಾಸು ನಮ್ಮಲ್ಲಿಲ್ಲ. ತೆರೆದ ಬಾಟಲಿ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಕೆಡುವುದಿಲ್ಲ.

ಈಗ ಗುರುಜಿಯ ಲೆಕ್ಕ. 330 ಮಿ.ಲೀ. ಬಿಯರ್, ಶೇಕಡಾ 5: ಶುದ್ಧ ಮದ್ಯಸಾರ 16.5 ಮಿ.ಲೀ. ವೈನ್ ಒಂದು ಗ್ಲಾಸು 150 ಮಿ.ಲೀ., ಶೇಕಡಾ 13: 19.5 ಮಿ.ಲೀ. ಸ್ಟ್ರಾಂಗ್ ಬಿಯರ್ ದೊಡ್ಡ ಬಾಟಲಿ 650 ಮಿ.ಲೀ., ಶೇಕಡಾ 8: 52 ಮಿ.ಲೀ. ವಿಸ್ಕಿ ಒಂದು ಕ್ವಾರ್ಟರ್ 180 ಮಿ.ಲೀ., ಶೇಕಡಾ 42.8: 77 ಮಿ.ಲೀ. ವೈನಿನ ಪೂರ್ತಿ ಬಾಟಲಿ 750 ಮಿ.ಲೀ.: 97.5 ಮಿ.ಲೀ.! ಅಂದರೆ "ವೈನ್ ದಾರೂ ಅಲ್ಲ" ಎನ್ನುವವರು ಗಣಿತದಲ್ಲಿ ನಪಾಸು. ಒಂದೇ ಸಲಕ್ಕೆ ಪೂರ್ತಿ ಮುಗಿಸಿದರೆ ವೈನೂ ಕ್ವಾರ್ಟರಿನ ಅಣ್ಣನೇ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತನ್ನೂ ನಾನು ಆಡುವುದಿಲ್ಲ. ಯಾವ ಪ್ರಮಾಣದ ಮದ್ಯವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಶುರು ಮಾಡಲೇಬೇಡಿ. ನಾನು ಕುಡಿಯುವುದು ಔಷಧವೆಂದಲ್ಲ, ರುಚಿಗೆ.

ಇದೇ ಕಾರಣಕ್ಕೆ 2022ರ ಜನವರಿಯಲ್ಲಿ ನಮ್ಮ ಸರಕಾರ ದೊಡ್ಡ ಕಿರಾಣಿ ಮಳಿಗೆಗಳಲ್ಲಿ ವೈನ್ ಮಾರಲು ಬಿಡುತ್ತೇವೆ ಎಂದಾಗ, ವೈನ್ ಕುಡಿಯುವ ನಾನೇ ಒಪ್ಪಲಿಲ್ಲ. ರೈತರಿಗೆ ಲಾಭ ಎಂದರು. ಯಾವ ರೈತರಿಗೆ? ನಮ್ಮ ಬೇದಾಣಿಯ ದ್ರಾಕ್ಷಿ ಆ ಬಾಟಲಿಗೆ ಹೋಗುವುದಿಲ್ಲ. 2001ರ ವೈನ್ ಧೋರಣೆಯಲ್ಲಿ ನಮ್ಮ ಜಿಲ್ಲೆಯ ಪಲೂಸದಲ್ಲಿ ವೈನ್ ಪಾರ್ಕ್ ಆಯಿತು. ಮುಂದೆ 2008ರ ನಂತರ ಬೇಡಿಕೆ ಬಿದ್ದಾಗ ರಾಜ್ಯದಲ್ಲಿ ಎಷ್ಟೋ ರೈತರು ವೈನ್ ತಳಿಯ ಬಳ್ಳಿ ಕಿತ್ತು ಹಾಕಿದರು. ಸಕ್ಕರೆ ತರಲು ಹೋದ ಮಗುವಿನ ಕಣ್ಣೆದುರು ಬಾಟಲಿ ಇಡುವುದರಿಂದ ಇದೆಲ್ಲ ಸರಿಹೋಗದು. ಅಣ್ಣಾ ಹಜಾರೆಯವರೂ ಸೇರಿ ಅನೇಕರ ವಿರೋಧ ಬಂದು ಆ ನಿರ್ಣಯ ಅಲ್ಲಿಗೇ ನಿಂತಿತು. ಒಳ್ಳೆಯದಾಯಿತು.

ನಮ್ಮ ರಾಜ್ಯದಲ್ಲಿ ಇನ್ನೊಂದು ಒಳ್ಳೆಯ ನಿಯಮವಿದೆ. ಊರಿನ ಹೆಣ್ಣುಮಕ್ಕಳು ಮತ ಹಾಕಿ ದಾರೂ ಅಂಗಡಿ ಮುಚ್ಚಿಸಬಹುದು. ಚಿಹ್ನೆ ಎರಡು: ನಿಂತ ಬಾಟಲಿ, ಮಲಗಿದ ಬಾಟಲಿ. ಮರಾಠಿಯಲ್ಲಿ 'ಉಭೀ ಬಾಟಲಿ, ಆಡವಿ ಬಾಟಲಿ'. ನಮ್ಮೂರಲ್ಲಿ ಅಂಥ ಮತದಾನ ಬಂದರೆ ಮನೆಯವಳ ಮತ ಮಲಗಿದ ಬಾಟಲಿಗೇ. ಅದಕ್ಕೆ ನನ್ನ ಸಮ್ಮತಿಯೂ ಇದೆ. ಯಾಕೆಂದರೆ ಸೋಮವಾರ ಮುಂಜಾನೆ ಗೃಹಪಾಠ ಮಾಡದೆ ಬರುವ ಹುಡುಗಿಯನ್ನು ನಾನು ನೋಡಿದ್ದೇನೆ. ಯಾಕವ್ವಾ ಎಂದರೆ, "ರಾತ್ರಿ ಅಪ್ಪ ಕುಡದು ಬಂದು ಲೈಟ್ ಒಡದಾನ್ರಿ" ಅನ್ನುತ್ತಾಳೆ. ಅವಳ ಎದುರು ನನ್ನ ಸಾಂಜೊವೇಸೆಯ ನೇರಳೆ ಹಣ್ಣಿನ ರುಚಿಗೆ ಏನು ಬೆಲೆ?

ಹಾಗಾದರೆ ಪೇಪರಿನ ಪ್ರಶ್ನೆ? ಬಹಳ ಯೋಚಿಸಿದೆ. ಆ ಹುಡುಗಿಯ ಅಪ್ಪ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಕುಡಿದವನಲ್ಲ. ಕ್ವಾರ್ಟರನ್ನು ಪೇಪರಿನಲ್ಲಿ ಸುತ್ತಿಸಿ, ಹಳ್ಳದ ಸೇತುವೆಯ ಕೆಳಗೆ ಖಾಲಿ ಹೊಟ್ಟೆಗೆ ಐದು ನಿಮಿಷದಲ್ಲಿ ಮುಗಿಸುವವನು, ವಿಜಾಪುರದ ರೂಮಿನಲ್ಲಿ ನಾವು ನಾಲ್ವರು ಮಾಡಿದ ಹಾಗೆಯೇ. ಮುಚ್ಚಿಟ್ಟು ಕುಡಿಯುವವನು ಬೇಗ ಕುಡಿಯಬೇಕು. ಬೇಗ ಕುಡಿಯುವವನಿಗೆ ಸ್ಟ್ರಾಂಗೇ ಬೇಕು. ಅಲ್ಲಿ ರುಚಿ ಇಲ್ಲ, ಅಳತೆ ಇಲ್ಲ, ನೋಡಿ "ಸಾಕು" ಎನ್ನುವವರೂ ಇಲ್ಲ. ಕುಡಿತದ ಕೇಡಿಗೆ ಬಡತನ, ದುಡಿತದ ದಣಿವು, ಹೀಗೆ ನೂರು ಕಾರಣಗಳಿವೆ, ಎಲ್ಲವೂ ಪೇಪರಿನಿಂದ ಬಂದಿಲ್ಲ, ನಿಜ. ಆದರೆ ನನ್ನನ್ನು ಒಂದು ಗ್ಲಾಸಿಗೆ ನಿಲ್ಲಿಸುವುದು ಪರವಾನಗಿಯಲ್ಲ, ಎದುರಿಗೆ ಕೂತು ರೊಟ್ಟಿ ಬಡಿಸುವ ಮನೆಯವಳ ಕಣ್ಣು. ಆ ಕಣ್ಣನ್ನು ತಪ್ಪಿಸಿದ ದಿನ ನಾನೂ ಸೇತುವೆಯ ಕೆಳಗಿನವನೇ.

ಮೊನ್ನೆ ಮತ್ತೆ ಹೋಗಿದ್ದೆ. ಹುಡುಗ ಪೇಪರಿಗೆ ಕೈ ಹಾಕಿದ. "ಬ್ಯಾಡಪ್ಪ, ಸಂತೀ ಚೀಲದಾಗ ಹಾಕು" ಅಂದೆ. ಕೊತ್ತಂಬರಿ, ಬದನೆಕಾಯಿಯ ಮಗ್ಗುಲಲ್ಲಿ ಬಾಟಲಿ ಕೂತಿತು. ಹುಡುಗ ನಕ್ಕ. "ನೀ ಕುಡೀತಿಯೇನೋ?" ಎಂದು ಕೇಳಿದೆ. "ಇಲ್ರಿ ಗುರುಜಿ, ದಿನಾ ನೋಡಿ ನೋಡಿ ಮನಸೇ ಆಗಂಗಿಲ್ಲ" ಅಂದ. ಹದಿನೇಳರ ಮಗ್ಗಿ ಬಾರದಿದ್ದರೂ ಬುದ್ಧಿವಂತ.

ಶಾಲೆಯ ಸುತ್ತ, ಮಕ್ಕಳ ಎದುರು ಆ ಚೀಲ ಯಾವತ್ತೂ ಬರುವುದಿಲ್ಲ, ಅದು ನನ್ನ ನೇಮ. ಉಳಿದಂತೆ ನನ್ನ ರುಚಿಗೆ ಪೇಪರ್ ಸುತ್ತುವುದನ್ನು ಬಿಟ್ಟಿದ್ದೇನೆ. ನೀವೇನಂತೀರಿ? ಬೈಯುವವರಿಗೂ ಸ್ವಾಗತ.