ಜ್ವರ ಬಂದ ಮೇಲಿನ ಹೊಗೆ

ಡೆಂಗ್ಯೂ ಶುರುವಾಯಿತು ಎಂದೊಡನೆ ಜನ ಮೊದಲು ಕೇಳುವುದು ಫಾಗಿಂಗ್. ಯಂತ್ರ ಸದ್ದು ಮಾಡುತ್ತಾ ಬೀದಿ ತುಂಬ ಹೊಗೆ ಬಿಟ್ಟು ಹೋದರೆ ಪಾಲಿಕೆ ಏನೋ ಮಾಡಿತು ಎಂಬ ಸಮಾಧಾನ. ಆ ಹೊಗೆ ಕೊಲ್ಲುವುದು ಹಾರುವ ಸೊಳ್ಳೆಯನ್ನು ಮಾತ್ರ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯೋ ಮನೆಯೊಳಗೆ, ನೇತು ಹಾಕಿದ ಬಟ್ಟೆಯ ಮರೆಯಲ್ಲಿ, ಮಂಚದಡಿಯಲ್ಲಿ ಇರುತ್ತದೆ. ನೀರಿನಲ್ಲಿ ಉಳಿದ ಮರಿಗಳಿಗೆ ರೆಕ್ಕೆ ಮೂಡಲು ವಾರ ಹತ್ತು ದಿನ ಸಾಕು.

2019ರ ಮಳೆಗಾಲದಲ್ಲಿ ಮಂಗಳೂರಿನ ಗುಜ್ಜರಕೆರೆ, ಅರೆಕೆರೆಬೈಲು, ಜೆಪ್ಪು ಭಾಗಗಳಲ್ಲಿ ಡೆಂಗ್ಯೂ ಹಬ್ಬಿತು. ಆಗಿನ ಜಿಲ್ಲಾಧಿಕಾರಿ ಸಸಿಕಾಂತ್ ಸೆಂಥಿಲ್ ರವಿವಾರ ಪ್ರತಿ ಮನೆಯವರೂ ನಿಂತ ನೀರು ಚೆಲ್ಲಬೇಕೆಂದು ಕರೆ ಕೊಟ್ಟರು. ಲಾರ್ವಾ ಸಿಕ್ಕ ಕಟ್ಟಡಗಳಿಗೆ ಪಾಲಿಕೆ ದಂಡ ಹಾಕಿತು. ಮಾಡಬೇಕಾದ್ದೇ. ಆದರೆ ಅಷ್ಟರಲ್ಲಿ ಜುಲೈ ಬಂದಿತ್ತು.

ಮಲೇರಿಯಾದಲ್ಲಿ ಈ ಊರು ಪಳಗಿದೆ. ದಶಕಗಳ ಕಾಲ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಇಲ್ಲಿಯದೇ ಆಗಿತ್ತು. 2015ರಲ್ಲಿ ಪಾಲಿಕೆ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟು ಒಂದೊಂದೇ ಪ್ರಕರಣದ ಬೆನ್ನು ಹತ್ತಿತು, ಕಾಯಿಲೆ ತಗ್ಗಿತು. ಹಾಗಾದರೆ ಡೆಂಗ್ಯೂಗೂ ಅದನ್ನೇ ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಅರ್ಧ ಸರಿ. ಮಲೇರಿಯಾಕ್ಕೆ ಮಾತ್ರೆಯಿದೆ, ರೋಗಿಯ ರಕ್ತದ ಪರೋಪಜೀವಿ ಸತ್ತರೆ ಅವನಿಂದ ಸೊಳ್ಳೆಗೆ ಹೋಗುವುದು ನಿಲ್ಲುತ್ತದೆ. ಡೆಂಗ್ಯೂ ವೈರಸ್ಸನ್ನು ಕೊಲ್ಲುವ ಔಷಧಿಯಿಲ್ಲ. ಅದೂ ಅಲ್ಲದೆ ಜ್ವರ ಕಾಣುವ ಒಂದೆರಡು ದಿನ ಮೊದಲೇ ರೋಗಿಯನ್ನು ಕಚ್ಚಿದ ಸೊಳ್ಳೆಗೆ ವೈರಸ್ ಸೇರಬಹುದು. ವೆನ್ಲಾಕ್ ಆಸ್ಪತ್ರೆಯಿಂದ ಎಲೈಸಾ ರಕ್ತಪರೀಕ್ಷೆಯ ವರದಿ ಬಂದ ಮೇಲೆ ಆ ಮನೆಗೆ ಓಡಿದರೆ, ನಾವು ಹಿಂಬಾಲಿಸುವುದು ಆಗಲೇ ದಾಟಿ ಹೋದದ್ದನ್ನು. ಉಳಿದಿರುವ ದಾರಿ ಸೊಳ್ಳೆ ಹುಟ್ಟುವ ನೀರನ್ನು ತಡೆಯುವುದೊಂದೇ.

ನೀರು ಎಂದ ಕೂಡಲೇ ನ್ಯಾಯದ ಪ್ರಶ್ನೆ ಏಳುತ್ತದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ತಗ್ಗಿ ನಗರದಲ್ಲಿ ರೇಷನಿಂಗ್ ಇತ್ತು. ನಳ್ಳಿಯಲ್ಲಿ ದಿನವೂ ನೀರು ಬಾರದಿದ್ದರೆ ಜನ ಡ್ರಮ್ಮು, ಕೊಡ, ಬಾಲ್ದಿ ತುಂಬಿಸಿಡದೆ ಏನು ಮಾಡಬೇಕು? ಆ ವರ್ಷದ ಡೆಂಗ್ಯೂಗೆ ಅದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಈಡಿಸ್ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿದ್ದರೂ ಮಳೆನೀರು ತಾಗಿದರೆ ಒಡೆಯುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು, ಉಜ್ಜಿ ತೊಳೆಯಬೇಕು. ಇದನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕುವವರು ಕಡಿಮೆ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಎಂದು ಅಧಿಸೂಚಿಸಿ ದಂಡ ಗೊತ್ತುಪಡಿಸಿತು: ನಗರದ ಮನೆಗೆ 400 ರೂಪಾಯಿ, ವಾಣಿಜ್ಯ ಸಂಸ್ಥೆಗೆ 1,000, ಕಟ್ಟುತ್ತಿರುವ ಕಟ್ಟಡ ಮತ್ತು ಖಾಲಿ ಜಾಗಕ್ಕೆ 2,000. ಕೋಟಿಗಟ್ಟಲೆ ಬಾಳುವ ಅಪಾರ್ಟ್‌ಮೆಂಟ್ ಎಬ್ಬಿಸುವವನಿಗೆ 2,000 ಚಹಾದ ಖರ್ಚು. ಸ್ಲ್ಯಾಬಿಗೆ ಕಟ್ಟಿದ ನೀರು, ಲಿಫ್ಟಿನ ಗುಂಡಿ, ಟಾರ್ಪಾಲಿನ ಮಡಿಕೆ, ಎಲ್ಲ ಅವನ ಜಾಗದ್ದು. ಜ್ವರ ಮಾತ್ರ ಅಲ್ಲೇ ಶೆಡ್ಡಿನಲ್ಲಿ ಮಲಗುವ ಕೂಲಿಯವನದ್ದು. ದಂಡಕ್ಕಿಂತ ಕೆಲಸ ನಿಲ್ಲಿಸುವ ನೋಟಿಸೇ ಅಲ್ಲಿ ನಾಟೀತು. ನಳ್ಳಿ ಒಣಗಿದ ವಾರ್ಡಿನ ಮನೆಯಿಂದ 400 ಕೀಳುವ ಮೊದಲು ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಕೊಡಲಿ.

ಜುಲೈಯಲ್ಲಿ ಎಷ್ಟು ಜನರಿಗೆ ಜ್ವರ ಎಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ನೂರು ಮನೆ ನೋಡಿದಾಗ ಎಷ್ಟರಲ್ಲಿ ಲಾರ್ವಾ ಸಿಕ್ಕಿತು ಎಂಬ ಲೆಕ್ಕವನ್ನು ಪಾಲಿಕೆ ಏಪ್ರಿಲಿನಿಂದಲೇ ವಾರ್ಡುವಾರು ಪ್ರಕಟಿಸಲಿ. ಮಳೆ ಹಿಡಿಯುವ ಮೊದಲು ಪಾಲಿಕೆಯವರನ್ನು ನಿಲ್ಲಿಸಿ ಕೇಳಲು ಆಗ ಜನರ ಕೈಯಲ್ಲಿ ಒಂದು ಅಂಕಿಯಾದರೂ ಇರುತ್ತದೆ.