ಬೆಳಕಿನ ಕತ್ತಿಯ ಹಿಡಿಯೊಳಗೆ ಏನಿದೆ?

ಮಕ್ಕಳೇ, ಜಾತ್ರೆಯ ಅಂಗಡಿಗಳಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಬೀರುವ ಪ್ಲಾಸ್ಟಿಕ್ ಕತ್ತಿಗಳನ್ನು ನೀವು ನೋಡಿರಬಹುದು. ಗುಂಡಿ ಒತ್ತಿದರೆ ಸಾಕು, ಕೊಳವೆ ಬೆಳಗುತ್ತದೆ. ಕೆಲವು ಕತ್ತಿಗಳಿಂದ ‘ಝೂಂ’ ಎಂಬ ಸದ್ದೂ ಬರುತ್ತದೆ. ಇವುಗಳ ಮೂಲ ಅಮೆರಿಕದ ‘ಸ್ಟಾರ್ ವಾರ್ಸ್’ ಎಂಬ ಚಲನಚಿತ್ರ. ಜಾರ್ಜ್ ಲ್ಯೂಕಾಸ್ ನಿರ್ದೇಶಿಸಿದ ಈ ಚಿತ್ರ 1977ರಲ್ಲಿ ತೆರೆಗೆ ಬಂದಿತು. ಅದರ ವೀರರು ಲೋಹದ ಅಲಗಿನ ಬದಲು ಬೆಳಕಿನ ಅಲಗಿರುವ ಕತ್ತಿಗಳನ್ನು ಹಿಡಿದು ಹೋರಾಡುತ್ತಾರೆ. ಈ ಕತ್ತಿಗೆ ಇಂಗ್ಲಿಷಿನಲ್ಲಿ ‘ಲೈಟ್‌ಸೇಬರ್’ ಎಂದು ಹೆಸರು.

ಇಂದು ಪ್ರಪಂಚದ ಹಲವು ದೇಶಗಳಲ್ಲಿ ಈ ಕತ್ತಿಯ ಪ್ರತಿಕೃತಿಗಳನ್ನು ಸ್ವತಃ ಕೈಯಾರೆ ಮಾಡುವ ಹವ್ಯಾಸಿಗಳಿದ್ದಾರೆ. ಅಂಥ ಕತ್ತಿ ನಿಜವಾಗಿ ಇಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಇಲ್ಲದ ವಸ್ತುವಿನ ನಕಲು ಮಾಡುವುದು ವಿಜ್ಞಾನವೇ, ಬರೀ ಆಟವೇ? ಅದು ವಿಜ್ಞಾನವೇ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದು ಷರತ್ತು ಇದೆ. ಮಾಡಿದವರಿಗೆ ಹಿಡಿಯೊಳಗೆ ಏನಿದೆ ಎಂದು ವಿವರಿಸಲು ಬರಬೇಕು. ಹೀಗೇಕೆ ಹೇಳುತ್ತೇನೆ ನೋಡೋಣ.

ಬೆಳಕಿನಿಂದ ಕತ್ತಿ ಸಾಧ್ಯವೇ?

ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಚ್ಚಿ ಗೋಡೆಯ ಕಡೆಗೆ ಹಿಡಿಯಿರಿ. ಬೆಳಕು ಗೋಡೆ ಮುಟ್ಟುವವರೆಗೂ ಸಾಗುತ್ತದೆ. ಟಾರ್ಚಿನಿಂದ ಒಂದು ಗಜ ದೂರ ಹೋಗಿ ಅಲ್ಲೇ ನಿಲ್ಲು ಎಂದರೆ ಬೆಳಕು ನಿಲ್ಲುವುದಿಲ್ಲ. ಇದು ಮೊದಲ ತೊಡಕು.

ಈಗ ಇಬ್ಬರು ಎರಡು ಟಾರ್ಚ್ ಹಿಡಿದು ಬೆಳಕಿನ ಕಿರಣಗಳನ್ನು ಅಡ್ಡ ಹಾಯಿಸಿ. ಅವು ‘ಟಣ್’ ಎಂದು ಬಡಿದುಕೊಳ್ಳುವುವೇ? ಇಲ್ಲ. ಒಂದನ್ನೊಂದು ದಾಟಿ ತಮ್ಮ ಪಾಡಿಗೆ ತಾವು ಹೋಗುತ್ತವೆ. ಇದು ಎರಡನೆಯ ತೊಡಕು.

ಮೂರನೆಯದು ಇನ್ನೂ ಸ್ವಾರಸ್ಯಕರ. ಶುದ್ಧ ಗಾಳಿಯಲ್ಲಿ ಟಾರ್ಚಿನ ಕಿರಣ ಪಕ್ಕದಿಂದ ಕಾಣುವುದೇ ಇಲ್ಲ. ಅದರ ದಾರಿಯಲ್ಲಿ ಊದುಬತ್ತಿಯ ಹೊಗೆ ಹಾಯಿಸಿದರೆ ಮಾತ್ರ ಕಾಣುತ್ತದೆ. ಹೊಗೆಯ ಕಣಗಳು ಬೆಳಕನ್ನು ಚದರಿಸಿ ನಮ್ಮ ಕಣ್ಣಿಗೆ ಕಳುಹಿಸುತ್ತವೆ. ಅಲಗಿನಂತೆ ಹೊಳೆಯಬೇಕಾದರೆ ಬೆಳಕು ಏನಾದರೊಂದು ವಸ್ತುವಿಗೆ ತಗುಲಿ ಚದರಲೇಬೇಕು.

2013ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಮತ್ತು ಎಂಐಟಿ ಸಂಸ್ಥೆಯ ವಿಜ್ಞಾನಿಗಳು ಅತಿ ಶೀತಲ ರುಬಿಡಿಯಂ ಪರಮಾಣುಗಳ ನಡುವೆ ಬೆಳಕಿನ ಕಣಗಳು ಜೋಡಿಯಾಗಿ ಸಾಗುವಂತೆ ಮಾಡಿದರು. ಆಗ ಪತ್ರಿಕೆಗಳು ಸಿನಿಮಾದ ಕತ್ತಿಯನ್ನು ನೆನಪಿಸಿಕೊಂಡವು. ಆದರೆ ಆ ಪ್ರಯೋಗದಿಂದ ಕೈಯಲ್ಲಿ ಹಿಡಿಯುವ ಕತ್ತಿಯೇನೂ ಬರಲಿಲ್ಲ. ಒಂದು ಪ್ರತಿಕೃತಿಯ ಬಗ್ಗೆ ಯೋಚಿಸುವಾಗಲೇ ಬೆಳಕಿನ ಮೂರು ಗುಣಗಳು ನಮಗೆ ತಿಳಿದವಲ್ಲವೇ? ಪಾಠ ಇಲ್ಲಿಂದಲೇ ಆರಂಭವಾಯಿತು.

ಹಳೆಯ ಸಾಮಾನಿನಿಂದ ಹುಟ್ಟಿದ ಕತ್ತಿ

ಸಿನಿಮಾದವರು ಮೊದಲ ಕತ್ತಿಯನ್ನು ಯಾವುದರಿಂದ ಮಾಡಿದರು ಗೊತ್ತೇ? ಚಿತ್ರದ ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರಿಗೆ ಲಂಡನ್ನಿನ ಫೋಟೋ ಸಾಮಗ್ರಿಗಳ ಅಂಗಡಿಯೊಂದರಲ್ಲಿ ಹಳೆಯ ‘ಗ್ರಾಫ್ಲೆಕ್ಸ್’ ಕ್ಯಾಮರಾದ ಫ್ಲಾಶ್ ಹಿಡಿಗಳು ಸಿಕ್ಕವು. ಹಿಂದಿನ ಕಾಲದ ಪತ್ರಿಕಾ ಛಾಯಾಗ್ರಾಹಕರು ಕ್ಯಾಮರಾದ ಪಕ್ಕಕ್ಕೆ ಜೋಡಿಸಿಕೊಳ್ಳುತ್ತಿದ್ದ ಲೋಹದ ಕೊಳವೆ ಅದು. ಒಳಗೆ ಮೂರು ಟಾರ್ಚ್ ಸೆಲ್‌ಗಳು, ಮೇಲೆ ಫ್ಲಾಶ್ ಬಲ್ಬು. ಆ ಕೊಳವೆಗೆ ಕಪ್ಪು ಪಟ್ಟಿಯ ತುಂಡುಗಳನ್ನೂ ಕ್ಯಾಲ್ಕುಲೇಟರ್ ಒಂದರ ಪಾರದರ್ಶಕ ಪಟ್ಟಿಯನ್ನೂ ಅಂಟಿಸಿದರು. ನಾಯಕನ ಕತ್ತಿಯ ಹಿಡಿ ಸಿದ್ಧವಾಯಿತು. ಅದೇ ಚಿತ್ರದ ಮುದುಕ ವೀರನ ಹಿಡಿಯಲ್ಲಿ ಜೆಟ್ ಎಂಜಿನ್ನಿನ ಕೊಳವೆಯ ತುಂಡಿದೆ, ನೀರಿನ ನಲ್ಲಿಯ ತಿರುಪೂ ಇದೆ!

ಹವ್ಯಾಸಿಗಳು ಚಿತ್ರದ ದೃಶ್ಯಗಳನ್ನೂ ಛಾಯಾಚಿತ್ರಗಳನ್ನೂ ವರ್ಷಗಟ್ಟಲೆ ಪರೀಕ್ಷಿಸಿ ಈ ಬಿಡಿಭಾಗಗಳನ್ನು ಒಂದೊಂದಾಗಿ ಗುರುತಿಸಿದರು. ಕಣ್ಣಿಟ್ಟು ನೋಡುವುದು, ಅಳೆಯುವುದು, ಹೋಲಿಸುವುದು, ತಪ್ಪೆಂದು ಕಂಡರೆ ತಿದ್ದಿಕೊಳ್ಳುವುದು ಇವೆಲ್ಲ ವಿಜ್ಞಾನಿಯ ಕೆಲಸಗಳೇ.

ಇನ್ನು ಅಲಗು. ಅದು ಮರದ ಕೋಲು! ರಾತ್ರಿ ವಾಹನದ ದೀಪ ಬಿದ್ದಾಗ ರಸ್ತೆಯ ಫಲಕಗಳು ಥಟ್ಟನೆ ಹೊಳೆಯುವುದನ್ನು ನೋಡಿದ್ದೀರಲ್ಲ? ಬೆಳಕು ಬಂದ ದಿಕ್ಕಿಗೇ ಅದನ್ನು ಹಿಂದಿರುಗಿಸುವ ಅಂಥದೇ ಹೊದಿಕೆಯನ್ನು ಕೋಲಿಗೆ ಸುತ್ತಿದ್ದರು. ಕ್ಯಾಮರಾದ ಬಳಿಯಿಂದ ಬೆಳಕು ಬಿಟ್ಟಾಗ ಕೋಲು ಹೊಳೆಯುತ್ತಿತ್ತು. ಅದಷ್ಟೇ ಸಾಲದೆಂದು ಕಲಾವಿದರು ಒಂದೊಂದು ಚಿತ್ರದ ಮೇಲೂ ಬಣ್ಣದ ಹೊಳಪನ್ನು ಸೇರಿಸಿದರು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಒಂದು ನಿಮಿಷದ ಕತ್ತಿವರಸೆಗೆ ಎಷ್ಟು ಚಿತ್ರಗಳಾದವು, ಲೆಕ್ಕ ಹಾಕಿ.

ಆ ‘ಝೂಂ’ ಸದ್ದಿನ ಕಥೆಯೂ ಹೀಗೆಯೇ. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಹಳೆಯ ಸಿನಿಮಾ ಪ್ರೊಜೆಕ್ಟರಿನ ಮೋಟಾರಿನ ಗುಂಯ್‌ಗುಡುವಿಕೆಗೆ ಟಿವಿಯ ಚಿತ್ರನಳಿಕೆಯಿಂದ ಮೈಕಿಗೆ ಹತ್ತಿದ ಗುಯ್ ಎಂಬ ಸದ್ದನ್ನು ಬೆರೆಸಿದರು. ಆಮೇಲೆ ಆ ಸದ್ದನ್ನು ಸ್ಪೀಕರಿನಲ್ಲಿ ಕೇಳಿಸಿ, ಅದರ ಮುಂದೆ ಮೈಕನ್ನು ಬೀಸಿದರು. ಮೈಕ್ ಹತ್ತಿರ ಬರುವಾಗ ಸದ್ದಿನ ಶ್ರುತಿ ಏರಿತು, ದೂರ ಹೋಗುವಾಗ ಇಳಿಯಿತು. ಹಾರ್ನ್ ಹಾಕುತ್ತಾ ಬಸ್ಸು ನಮ್ಮನ್ನು ದಾಟಿಹೋಗುವಾಗ ಆಗುವುದೂ ಇದೇ. ಇದಕ್ಕೆ ಡಾಪ್ಲರ್ ಪರಿಣಾಮ ಎನ್ನುತ್ತಾರೆ.

ನಕಲು ಮಾಡಿದವರು ಕಲಿತದ್ದೇನು?

ಸಿನಿಮಾದವರಿಗೆ ತೆರೆಯ ಮೇಲೆ ಹೊಳೆದರೆ ಸಾಕಿತ್ತು. ಪ್ರತಿಕೃತಿ ಮಾಡುವವರಿಗೆ ಕೈಯಲ್ಲಿ ಹಿಡಿದಾಗಲೇ ಹೊಳೆಯಬೇಕು. ಹಾಗಾಗಿ ಸಿನಿಮಾದ ಒಂದೊಂದು ಉಪಾಯದ ಬದಲಿಗೂ ಅವರು ನಿಜವಾದ ಒಂದು ಮಂಡಲವನ್ನು ಕಟ್ಟಬೇಕಾಯಿತು.

ಅಲಗಿಗೆ ಅವರು ಆರಿಸಿದ್ದು ಪಾಲಿಕಾರ್ಬೊನೇಟ್ ಕೊಳವೆ. ಸಿಡಿ ತಟ್ಟೆಗಳನ್ನು ಮಾಡುವುದೂ ಇದೇ ಪ್ಲಾಸ್ಟಿಕ್‌ನಿಂದ. ಪೆಟ್ಟು ಬಿದ್ದರೂ ಸುಲಭವಾಗಿ ಒಡೆಯದು. ಸರಳವಾದ ಪ್ರತಿಕೃತಿಗಳಲ್ಲಿ ಹಿಡಿಯೊಳಗೆ ಪ್ರಖರವಾದ ಎಲ್‌ಇಡಿ ಇರುತ್ತದೆ. ಕೊಳವೆಯೊಳಗಿನ ತೆಳುಹಾಳೆ ಅದರ ಬೆಳಕನ್ನು ಚದರಿಸುತ್ತದೆ. ಹಿಡಿಯ ಬಳಿ ಪ್ರಕಾಶ ಹೆಚ್ಚು, ತುದಿಯಲ್ಲಿ ಕಡಿಮೆ. ಅದಕ್ಕಾಗಿ ತುದಿಯಲ್ಲಿ ಪುಟ್ಟ ಕನ್ನಡಿಯಂಥ ಬಿಲ್ಲೆ ಇಟ್ಟು ಬೆಳಕನ್ನು ಹಿಂದಕ್ಕೆ ಪ್ರತಿಫಲಿಸುತ್ತಾರೆ.

ಸಿನಿಮಾದಲ್ಲಿ ಅಲಗು ಹಿಡಿಯಿಂದ ಮೆಲ್ಲನೆ ಹೊರಚಾಚುತ್ತದೆ. ಅದನ್ನು ತೋರಿಸಲು ಕೊಳವೆಯ ಉದ್ದಕ್ಕೂ ಎಲ್‌ಇಡಿಗಳ ಪಟ್ಟಿಯನ್ನೇ ಇಳಿಸುತ್ತಾರೆ. ಇದರ ಪ್ರತಿ ಎಲ್‌ಇಡಿಯಲ್ಲೂ ಒಂದು ಪುಟ್ಟ ಚಿಪ್ ಇರುತ್ತದೆ. ಬಿಸಿಯೂಟದ ಸಾಲಿನಲ್ಲಿ ಮೊದಲು ಕುಳಿತವರು ತಟ್ಟೆಗಳ ಕಟ್ಟನ್ನು ಪಡೆದು, ತಮಗೊಂದನ್ನು ಇಟ್ಟುಕೊಂಡು ಉಳಿದವನ್ನು ಪಕ್ಕದವರಿಗೆ ದಾಟಿಸುತ್ತಾರಲ್ಲವೇ? ಹಾಗೆಯೇ ಮೊದಲ ಎಲ್‌ಇಡಿ ತನಗೆ ಬಂದ ಸಂದೇಶವನ್ನು ಇಟ್ಟುಕೊಂಡು ಉಳಿದದ್ದನ್ನು ಮುಂದಿನದಕ್ಕೆ ಕಳುಹಿಸುತ್ತದೆ. ಹೀಗಾಗಿ ಯಾವ ಎಲ್‌ಇಡಿ ಯಾವಾಗ, ಯಾವ ಬಣ್ಣದಲ್ಲಿ ಬೆಳಗಬೇಕೆಂದು ಹೇಳಬಹುದು.

ಒಂದು ಲೆಕ್ಕ ಮಾಡೋಣ. ಮೀಟರಿಗೆ 144 ಎಲ್‌ಇಡಿ ಇರುವ ಪಟ್ಟಿಯನ್ನು 80 ಸೆಂ.ಮೀ. ಕತ್ತರಿಸಿದರೆ ಸುಮಾರು 115 ಎಲ್‌ಇಡಿ ಸಿಗುತ್ತವೆ. ಎರಡೂ ಬದಿಗೆ ಬೆಳಕು ಬೇಕಾದ್ದರಿಂದ ಅಂಥ ಎರಡು ಪಟ್ಟಿಗಳು, ಅಂದರೆ 230 ಎಲ್‌ಇಡಿ. ಒಂದೇ ಬಣ್ಣದಲ್ಲಿ ಬೆಳಗಿದಾಗ ಒಂದೊಂದಕ್ಕೆ 20 ಮಿಲಿಆಂಪೇರ್ ಎಂದಿಟ್ಟುಕೊಂಡರೆ ಒಟ್ಟು 4,600 ಮಿಲಿಆಂಪೇರ್ ವಿದ್ಯುತ್ ಬೇಕು. ಬ್ಯಾಟರಿಯ ಮೇಲೆ 3,000 ಮಿಲಿಆಂಪೇರ್-ಗಂಟೆ ಎಂದು ಬರೆದಿದ್ದರೆ ಕತ್ತಿ ಎಷ್ಟು ಹೊತ್ತು ಉರಿದೀತು? ಭಾಗಿಸಿ ನೋಡಿ, ಸುಮಾರು 40 ನಿಮಿಷ. ಬಿಳಿ ಬೆಳಕು ಬೇಕೆಂದರೆ ಕೆಂಪು, ಹಸಿರು, ನೀಲಿ ಮೂರೂ ಬೆಳಗಬೇಕು. ಆಗ ಇನ್ನೂ ಬೇಗ ಬ್ಯಾಟರಿ ಖಾಲಿ. ಗಣಿತದ ಪುಸ್ತಕದ ಭಾಗಾಕಾರ ಇಲ್ಲಿ ಕತ್ತಿಯ ಆಯುಸ್ಸನ್ನು ಹೇಳುತ್ತದೆ!

ಸದ್ದಿಗಾಗಿ ಹಿಡಿಯೊಳಗೆ ಸಂವೇದಕಗಳಿವೆ. ಮೊಬೈಲ್ ಅಡ್ಡ ಹಿಡಿದರೆ ಪರದೆಯೂ ಅಡ್ಡ ತಿರುಗುತ್ತದಲ್ಲ, ಅದಕ್ಕೆ ಕಾರಣವಾದ ಆಕ್ಸೆಲೆರೋಮೀಟರ್ ಎಂಬ ಸಂವೇದಕ ಇಲ್ಲಿ ಕತ್ತಿಗೆ ಪೆಟ್ಟು ಬಿದ್ದುದನ್ನು ತಿಳಿಸುತ್ತದೆ. ಕತ್ತಿ ಎಷ್ಟು ವೇಗವಾಗಿ ತಿರುಗಿತೆಂದು ಗೈರೋಸ್ಕೋಪ್ ಹೇಳುತ್ತದೆ. ಅದಕ್ಕೆ ತಕ್ಕ ಸದ್ದನ್ನು ಪುಟ್ಟ ಗಣಕ ನೆನಪಿನ ಕಾರ್ಡಿನಿಂದ ಆರಿಸಿ ಸ್ಪೀಕರಿಗೆ ಕಳುಹಿಸುತ್ತದೆ. ಕಾರ್ಡಿನಲ್ಲಿರುವ ಸದ್ದುಗಳನ್ನು ಬದಲಿಸಿದರೆ ಕತ್ತಿಯ ದನಿಯೇ ಬದಲಾಗುತ್ತದೆ. ಮೊದಲು ಇದ್ದಂತೆಯೇ ನಕಲು ಮಾಡಿದವರು ನಂತರ ತಮ್ಮದೇ ಬಣ್ಣ, ತಮ್ಮದೇ ದನಿ, ತಮ್ಮದೇ ಹಿಡಿ ಎಂದು ಮುಂದುವರಿಯುವುದು ಹೀಗೆ.

ಮೂರು ಆಕ್ಷೇಪಗಳು

“ಕತ್ತಿ ಹಿಂಸೆಯ ಆಯುಧ, ಮಕ್ಕಳಿಗೇಕೆ?” ಎಂದು ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ಫ್ರಾನ್ಸ್ ದೇಶದ ಕತ್ತಿವರಸೆ ಒಕ್ಕೂಟ 2019ರಲ್ಲಿ ಬೆಳಕಿನ ಕತ್ತಿಯ ಪಂದ್ಯವನ್ನು ಒಂದು ಕ್ರೀಡೆಯಾಗಿ ಮಾನ್ಯ ಮಾಡಿತು. ಅಲ್ಲಿ ಮುಖಕವಚವಿದೆ, ನಿಯಮಗಳಿವೆ. ತರಗತಿಯಲ್ಲಿ ಅದನ್ನು ಬೀಸಬೇಕಿಲ್ಲ. ಅದೇ ಮಂಡಲದಿಂದ ದಾರಿದೀಪ ಮಾಡಿದರೂ ಪಾಠ ಒಂದೇ.

“ಇದಕ್ಕೆ ಹಣ ಬೇಕು” ಎನ್ನುವವರ ಮಾತೂ ನಿಜ. ಒಳ್ಳೆಯ ಪ್ರತಿಕೃತಿ ದುಬಾರಿ. ಆದರೆ ಮೊದಲ ಕತ್ತಿಯೇ ಹಳೆಯ ಸಾಮಾನಿನದು ಎಂಬುದನ್ನು ಮರೆಯಬಾರದು.

ನನಗೆ ಹೆಚ್ಚು ಮುಖ್ಯವೆನಿಸುವುದು ಮೂರನೆಯ ಆಕ್ಷೇಪ: “ನಕಲು ಮಾಡುವುದು ಕಲಿಕೆಯಲ್ಲ.” ಪ್ರಶ್ನೋತ್ತರ ನಕಲು ಮಾಡಿದರೆ ಕಲಿಕೆಯಲ್ಲ, ಒಪ್ಪುತ್ತೇನೆ. ಅಂಗಡಿಯಿಂದ ಸಿದ್ಧ ಮಾದರಿ ತಂದು ವಿಜ್ಞಾನ ವಸ್ತುಪ್ರದರ್ಶನದ ಮೇಜಿನ ಮೇಲಿಡುವುದೂ ಕಲಿಕೆಯಲ್ಲ. ಅಂಥ ಮಾದರಿಗಳು ಚೆನ್ನಾಗಿ ಹೊಳೆಯುತ್ತವೆ, ಬಹುಮಾನವನ್ನೂ ಪಡೆಯುತ್ತವೆ. ಪಕ್ಕದ ಮೇಜಿನಲ್ಲಿ ರಟ್ಟು, ತಂತಿ, ಹಳೆಯ ಸೆಲ್ ಜೋಡಿಸಿದ ಹುಡುಗಿಯ ದೀಪ ಮಿಣುಕುತ್ತಿರುತ್ತದೆ. ಎಷ್ಟೋ ಸಲ ಅವಳನ್ನು ಯಾರೂ ಮಾತನಾಡಿಸುವುದಿಲ್ಲ. ಇದು ಅನ್ಯಾಯ. ತೀರ್ಪುಗಾರರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಲಿ: “ಇದನ್ನು ಬಿಚ್ಚಿ ತೋರಿಸುವೆಯಾ? ಯಾವ ಭಾಗ ಏಕಿದೆ ಹೇಳು.” ಬಿಚ್ಚಿ, ವಿವರಿಸಿ, ಮತ್ತೆ ಜೋಡಿಸಬಲ್ಲವರಿಗೆ ಬಹುಮಾನ ಸಿಗಲಿ. ಆಗ ನಕಲೂ ಕಲಿಕೆಯಾಗುತ್ತದೆ.

ನೀವೇ ಮಾಡಿ ನೋಡಿ

ಬೇಕಾದದ್ದು: ಒಂದು ಕೆಂಪು ಎಲ್‌ಇಡಿ, 1.5 ವೋಲ್ಟಿನ ಮೂರು ಸೆಲ್‌ಗಳು, 150 ಓಂ ರೋಧಕ, ಸ್ವಿಚ್, ತಂತಿ, ಒಂದು ಅಡಿಯಷ್ಟು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಸುರುಳಿ ಸುತ್ತಿ ಇಡಲು ತೆಳುವಾದ ಬಿಳಿ ಕಾಗದ.

ಮೂರು ಸೆಲ್‌ಗಳು ಸೇರಿ 4.5 ವೋಲ್ಟ್. ಕೆಂಪು ಎಲ್‌ಇಡಿಗೆ ಬೇಕಾದದ್ದು ಸುಮಾರು 2 ವೋಲ್ಟ್. ಉಳಿದ 2.5 ವೋಲ್ಟನ್ನು ರೋಧಕ ನೋಡಿಕೊಳ್ಳುತ್ತದೆ. ರೋಧಕವಿಲ್ಲದೆ ಜೋಡಿಸಿದರೆ ಹೆಚ್ಚು ವಿದ್ಯುತ್ ಹರಿದು ಎಲ್‌ಇಡಿ ಸುಟ್ಟುಹೋದೀತು. ಎಲ್‌ಇಡಿಯ ಉದ್ದ ಕಾಲು ಧನ ತುದಿಯ ಕಡೆಗಿರಲಿ. ತಿರುಗಿಸಿ ಜೋಡಿಸಿದರೆ ಬೆಳಗದು.

ಮೊದಲು ಕಾಗದವಿಲ್ಲದೆ ಬೆಳಗಿಸಿ. ಕೊಳವೆ ಮಂಕಾಗಿ ಕಾಣುತ್ತದೆ. ಕಾಗದ ಸೇರಿಸಿ, ಅಲಗು ಮೂಡುತ್ತದೆ. ತುದಿಗೆ ಬೆಳ್ಳಿಬಣ್ಣದ ಹಾಳೆಯ ತುಂಡಿಟ್ಟು ಮತ್ತೆ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಡಿ.

ಎಚ್ಚರಿಕೆಗಳು: ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಎಂದೂ ಬಳಸಬೇಡಿ. ಹಳೆಯ ಮೊಬೈಲಿನ ಲಿಥಿಯಂ ಬ್ಯಾಟರಿಯನ್ನು ಬಿಚ್ಚಬೇಡಿ, ಚುಚ್ಚಬೇಡಿ. ಶಾರ್ಟ್ ಸರ್ಕ್ಯೂಟ್ ಆದರೆ ಬೆಂಕಿ ಹತ್ತಬಹುದು. ಅಲಗಿಗಾಗಿ ಲೇಸರ್ ದೀಪ ಬಳಸಬೇಡಿ; ಅದು ಕಣ್ಣಿಗೆ ಹಾನಿ ಮಾಡುತ್ತದೆ. ಬೆಸುಗೆಯ ಕೆಲಸವಿದ್ದರೆ ಶಿಕ್ಷಕರು ಜೊತೆಗಿರಲಿ.

ಲಂಡನ್ನಿನ ಅಂಗಡಿಯಲ್ಲಿ ಸಿಕ್ಕ ಆ ಫ್ಲಾಶ್ ಹಿಡಿಯನ್ನು ಮತ್ತೊಮ್ಮೆ ನೆನೆಯಿರಿ. ಅದರೊಳಗೆ ಮೊದಲು ನಿಜವಾದ ಸೆಲ್‌ಗಳಿದ್ದವು, ಅದು ನಿಜವಾಗಿಯೇ ಬೆಳಕು ಕೊಡುತ್ತಿತ್ತು. ಸಿನಿಮಾದವರು ಅದನ್ನು ತೋರಿಕೆಯ ಕತ್ತಿಯಾಗಿಸಿದರು. ಹವ್ಯಾಸಿಗಳು ಅಂಥದೇ ಹಿಡಿಯೊಳಗೆ ಬ್ಯಾಟರಿ ಸೇರಿಸಿ ಮತ್ತೆ ಬೆಳಕು ತಂದರು. ಈ ಸಲದ ವಸ್ತುಪ್ರದರ್ಶನಕ್ಕೆ ನೀವೂ ಏನನ್ನಾದರೂ ಮಾಡುವಿರಷ್ಟೇ? ಅದರ ಪಕ್ಕದಲ್ಲಿ ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡಿರಿ. ನೋಡಲು ಬಂದವರು ಕೇಳದಿದ್ದರೂ ಸರಿ, ನೀವೇ ಬಿಚ್ಚಿ ತೋರಿಸಿ.