ಹಬೆಯ ಲೆಕ್ಕವನ್ನು ಯಾರು ಕೇಳಬೇಕು?

ನಮ್ಮೂರು ನಾರಾಯಣಪುರ. ಬಸವಕಲ್ಯಾಣದ ಮಗ್ಗುಲಲ್ಲಿರುವ ಈ ಹಳ್ಳಿಯನ್ನು ಹೊರಗಿನವರು ಗುರುತಿಸುವುದು ಚಾಲುಕ್ಯರ ಕಾಲದ ಶಿವಾಲಯದಿಂದ. ಇಲ್ಲಿಂದ ಹುಮನಾಬಾದಿನ ದಾರಿ ಹಿಡಿದರೆ ಹೆದ್ದಾರಿ, ಕೈಗಾರಿಕಾ ಪ್ರದೇಶ, ಚಿಮಣಿಗಳ ಬೇರೊಂದು ಲೋಕ ಎದುರಾಗುತ್ತದೆ. ಔಷಧವಿರಲಿ, ರಾಸಾಯನಿಕವಿರಲಿ, ಸಕ್ಕರೆಯಿರಲಿ, ಇವೆಲ್ಲಕ್ಕೂ ಹಬೆ ಬೇಕು. ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಇಂಧನ ಬೇಕು. ಈ ಇಂಧನ ಎಷ್ಟು ಹಬೆಯನ್ನು ಕೊಡುತ್ತದೆ ಎಂಬ ಸರಳ ಪ್ರಶ್ನೆಯನ್ನು ಮಾತ್ರ ನಮ್ಮಲ್ಲಿ ಯಾರೂ ಕೇಳುತ್ತಿಲ್ಲ.

ಬಾಯ್ಲರ್ ಮನೆಗಳಲ್ಲಿ ಬಹುಕಾಲ ದುಡಿದ ನನ್ನ ಬಳಿಗೆ ಪರಿಚಯದ ಸಣ್ಣ ಉದ್ಯಮಿಯೊಬ್ಬರು ಒಂದು ದೂರು ಹೊತ್ತು ಬಂದರು. ಸೌದೆಯ ಬಾಯ್ಲರನ್ನು ಕಳಚಿ, ಬ್ಯಾಂಕಿನಿಂದ ಸಾಲ ಪಡೆದು, ಎಲ್‌ಪಿಜಿಯಿಂದ ಉರಿಯುವ ಹೊಸ ಬಾಯ್ಲರನ್ನು ಅವರು ಕೂರಿಸಿದ್ದರು. ಹಬೆ ಸಾಲುತ್ತಿಲ್ಲ, ಅನಿಲದ ಬಿಲ್ಲು ಏರುತ್ತಲೇ ಇದೆ ಎಂಬುದು ಅವರ ಅಳಲು. ‘ಗ್ಯಾಸಿನಲ್ಲೇ ಮೋಸ ಇದೆ, ಸೌದೆಯೇ ವಾಸಿ’ ಎಂಬ ನಿರ್ಧಾರಕ್ಕೆ ಅವರು ಹೆಚ್ಚುಕಡಿಮೆ ಬಂದಿದ್ದರು. ನೀರಿನ ಮೀಟರು ಮತ್ತು ಅನಿಲದ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡು ನೋಡಿದೆ. ಅನಿಲ ಸರಿಯಾಗಿತ್ತು, ಬಾಯ್ಲರೂ ಸರಿಯಾಗಿತ್ತು. ತಪ್ಪಿದ್ದುದು ದರಪಟ್ಟಿಯ ಲೆಕ್ಕದಲ್ಲಿ.

ಒಂದು ಕಿಲೊ ಎಲ್‌ಪಿಜಿ ಉರಿದರೆ ಹುಟ್ಟುವ ಒಟ್ಟು ಶಾಖ ಸುಮಾರು 11,900 ಕಿಲೊ ಕ್ಯಾಲರಿ. ಇದನ್ನು ಒಟ್ಟು ಕ್ಯಾಲರಿ ಮೌಲ್ಯ ಎನ್ನುತ್ತಾರೆ. ಆದರೆ ಈ ಶಾಖವೆಲ್ಲ ಬಾಯ್ಲರಿಗೆ ದಕ್ಕುವುದಿಲ್ಲ. ಅನಿಲದಲ್ಲಿರುವ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಕಿಲೊ ಎಲ್‌ಪಿಜಿಯಿಂದ ಹೀಗೆ ಸುಮಾರು 1.6 ಕಿಲೊ ನೀರು ಆವಿಯ ರೂಪದಲ್ಲಿ ಹುಟ್ಟಿ, ತನ್ನ ಪಾಲಿನ ಶಾಖವನ್ನು ಹೊತ್ತು ಚಿಮಣಿಯಿಂದ ಹೊರಟುಹೋಗುತ್ತದೆ. ಹಸಿ ಸೌದೆಯಿಂದ ಅಡುಗೆ ಮಾಡಿದ ನಮ್ಮ ತಾಯಂದಿರಿಗೆ ಈ ನಷ್ಟ ಹೊಸದೇನಲ್ಲ. ಸೌದೆಯಲ್ಲಿ ನೀರು ಮೊದಲೇ ಇರುತ್ತದೆ, ಅನಿಲದಲ್ಲಿ ಉರಿಯುವಾಗ ಹುಟ್ಟುತ್ತದೆ, ಅಷ್ಟೇ ವ್ಯತ್ಯಾಸ. ಹೀಗೆ ಹೋದದ್ದನ್ನು ಕಳೆದರೆ ಉಳಿಯುವುದು ಸುಮಾರು 11,000 ಕಿಲೊ ಕ್ಯಾಲರಿ. ಇದು ನಿವ್ವಳ ಕ್ಯಾಲರಿ ಮೌಲ್ಯ.

ಬಾಯ್ಲರಿನ ದಕ್ಷತೆ ಶೇ 90 ಎಂದು ದರಪಟ್ಟಿಯಲ್ಲಿತ್ತು. ಅದು ನಿವ್ವಳ ಮೌಲ್ಯವನ್ನು ಆಧರಿಸಿದ ದಕ್ಷತೆ. ಆದರೆ ಹಬೆಯ ಅಂದಾಜು ಮಾಡುವಾಗ ಅದನ್ನು ಒಟ್ಟು ಮೌಲ್ಯಕ್ಕೆ ಗುಣಿಸಲಾಗಿತ್ತು. ಎರಡನೆಯ ಎಡವಟ್ಟು ನೀರಿನದು. ಬಾಯ್ಲರ್ ವ್ಯಾಪಾರದಲ್ಲಿ ‘ಒಂದು ಟನ್’ ಎಂದರೆ 100 ಡಿಗ್ರಿಯ ನೀರನ್ನು 100 ಡಿಗ್ರಿಯ ಹಬೆಯಾಗಿಸುವ ಸಾಮರ್ಥ್ಯ. ಅದಕ್ಕೆ ಕಿಲೊ ಒಂದಕ್ಕೆ 540 ಕಿಲೊ ಕ್ಯಾಲರಿ ಸಾಕು. ನಮ್ಮ ಉದ್ಯಮಿ ಬಾಯ್ಲರಿಗೆ ಬಿಡುತ್ತಿದ್ದುದು 30 ಡಿಗ್ರಿಯ ಬಾವಿ ನೀರು, ಅವರಿಗೆ ಬೇಕಿದ್ದುದು ಚದರ ಸೆಂಟಿಮೀಟರಿಗೆ 10 ಕಿಲೊ ಒತ್ತಡದ ಹಬೆ. ಇದಕ್ಕೆ ಕಿಲೊ ಒಂದಕ್ಕೆ ಸುಮಾರು 634 ಕಿಲೊ ಕ್ಯಾಲರಿ ಬೇಕು. ಅಂದರೆ ಅವರ ‘ಒಂದು ಟನ್’ ಬಾಯ್ಲರ್ ಗಂಟೆಗೆ ಕೊಡಬಲ್ಲದ್ದು ಸುಮಾರು 850 ಕಿಲೊ ಮಾತ್ರ.

ಈಗ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ದರಪಟ್ಟಿಯ ಪ್ರಕಾರ 11,900ರ ಶೇ 90ನ್ನು 540ರಿಂದ ಭಾಗಿಸಿದರೆ ಕಿಲೊ ಅನಿಲಕ್ಕೆ 19.8 ಕಿಲೊ ಹಬೆ. ವಾಸ್ತವದಲ್ಲಿ 11,000ದ ಶೇ 90ನ್ನು 634ರಿಂದ ಭಾಗಿಸಬೇಕು, ಬರುವುದು 15.6 ಕಿಲೊ. ದಿನಕ್ಕೆ 4 ಟನ್ ಹಬೆ ಬೇಕಾಗುವ ಘಟಕಕ್ಕೆ 202 ಕಿಲೊ ಅನಿಲ ಸಾಕೆಂದು ನಂಬಿಸಿದಂತಾಯಿತು, ಖರ್ಚಾಗುವುದು 256 ಕಿಲೊ. ವರ್ಷದಲ್ಲಿ 300 ದಿನ ಕೆಲಸವೆಂದರೆ ಈ ಅಂತರ ಸುಮಾರು 16 ಟನ್. ಅಡುಗೆ ಮನೆಯ 14.2 ಕಿಲೊ ಸಿಲಿಂಡರುಗಳಲ್ಲಿ ಹೇಳುವುದಾದರೆ 1,100ಕ್ಕೂ ಹೆಚ್ಚು. ಸಾಲದ ಕಂತು ಕಟ್ಟುತ್ತಿರುವ ಸಣ್ಣ ಉದ್ಯಮಿ ಈ ಹೊರೆಯನ್ನು ಎಷ್ಟು ದಿನ ತಾಳಿಯಾನು?

ಈ ಗೊಂದಲ ಹಳ್ಳಿಗಾಡಿಗೆ ಸೀಮಿತವೆಂದು ಭಾವಿಸಬೇಕಾಗಿಲ್ಲ. 2014ರ ನವೆಂಬರಿನಿಂದ ಜಾರಿಗೆ ಬಂದ ದೇಶೀಯ ನೈಸರ್ಗಿಕ ಅನಿಲದ ದರವನ್ನು ಕೆಲವರು 5.05 ಡಾಲರ್ ಎಂದರು, ಕೆಲವರು 5.61 ಡಾಲರ್ ಎಂದರು. ಎರಡೂ ನಿಜವೇ. ಮೊದಲನೆಯದು ಒಟ್ಟು ಮೌಲ್ಯದ ಮೇಲಿನ ದರ, ಎರಡನೆಯದು ನಿವ್ವಳ ಮೌಲ್ಯದ ಮೇಲಿನ ದರ. ನೈಸರ್ಗಿಕ ಅನಿಲದಲ್ಲಿ ಜಲಜನಕದ ಪಾಲು ಇನ್ನೂ ಹೆಚ್ಚಾದ್ದರಿಂದ ಈ ಎರಡರ ಅಂತರವೂ ಹೆಚ್ಚು, ಸುಮಾರು ಶೇ 11. ಅನಿಲವನ್ನು ಒಂದು ಅಳತೆಯಲ್ಲಿ ಕೊಂಡು, ಬಾಯ್ಲರಿನ ದಕ್ಷತೆಯನ್ನು ಇನ್ನೊಂದು ಅಳತೆಯಲ್ಲಿ ಓದಿದರೆ ಆ ಶೇ 11 ಕೊಳ್ಳುವವನ ಜೇಬಿನಿಂದಲೇ ಹೋಗುತ್ತದೆ.

ದೊಡ್ಡವರಿಗೆ ಈ ಚಿಂತೆಯಿಲ್ಲ. ಕರ್ನಾಟಕ ವಿದ್ಯುತ್ ನಿಗಮವು ಯಲಹಂಕದಲ್ಲಿ ಕಟ್ಟಿರುವ 370 ಮೆಗಾವಾಟ್ ಸಾಮರ್ಥ್ಯದ ಅನಿಲ ಸ್ಥಾವರದಲ್ಲಿ ಗ್ಯಾಸ್ ಟರ್ಬೈನಿನಿಂದ ಹೊರಬೀಳುವ ಬಿಸಿ ಹೊಗೆಯನ್ನೂ ಬಿಡದೆ ಅದರಿಂದ ಹಬೆ ತಯಾರಿಸಿ ಇನ್ನೊಂದು ಟರ್ಬೈನನ್ನು ತಿರುಗಿಸುವ ವ್ಯವಸ್ಥೆಯಿದೆ. ಅಂಥ ಕಡೆ ಒಂದೊಂದು ಕ್ಯಾಲರಿಗೂ ಲೆಕ್ಕವಿಡುವ ಎಂಜಿನಿಯರುಗಳಿರುತ್ತಾರೆ. ತಾಲ್ಲೂಕು ಮಟ್ಟದ ಸಣ್ಣ ಘಟಕಕ್ಕೆ ಇರುವವನು ಒಬ್ಬ ಬಾಯ್ಲರ್ ಅಟೆಂಡೆಂಟ್. ಅವನಿಗೆ ಒತ್ತಡದ ಮುಳ್ಳು ನೋಡುವುದನ್ನು ಕಲಿಸಿದ್ದೇವೆಯೇ ಹೊರತು ಲೆಕ್ಕ ಕೇಳುವುದನ್ನು ಕಲಿಸಿಲ್ಲ.

ಕಾನೂನು ಏನು ಹೇಳುತ್ತದೆ? 1923ರ ಬಾಯ್ಲರ್ ಕಾಯ್ದೆಯ ಜಾಗದಲ್ಲಿ ಈಗ 2025ರ ಹೊಸ ಕಾಯ್ದೆ ಬಂದಿದೆ. ಇದರ ಮುಖ್ಯ ಕಾಳಜಿ ಸುರಕ್ಷತೆ, ಅದು ಇರಬೇಕಾದದ್ದೇ. ಬಾಯ್ಲರ್ ಎಷ್ಟು ಒತ್ತಡವನ್ನು ತಾಳಬಲ್ಲದು ಎಂಬುದನ್ನು ಪ್ರಮಾಣಪತ್ರ ಹೇಳುತ್ತದೆ. ಕಿಲೊ ಅನಿಲಕ್ಕೆ ಎಷ್ಟು ಹಬೆ ಎಂಬುದನ್ನು ಅದು ಹೇಳುವುದಿಲ್ಲ.

ಇದಕ್ಕಾಗಿ ಮತ್ತೊಂದು ಇಲಾಖೆ, ಮತ್ತೊಬ್ಬ ಇನ್‌ಸ್ಪೆಕ್ಟರ್ ಬೇಕೆಂದು ನಾನು ಹೇಳುತ್ತಿಲ್ಲ. ಅಂಥದ್ದರಿಂದ ಉದ್ಯಮಿಗೆ ಕಿರುಕುಳವೇ ಹೆಚ್ಚಾಗುತ್ತದೆಂಬ ಆಕ್ಷೇಪವನ್ನು ಒಪ್ಪುತ್ತೇನೆ. ಬೇಕಾಗಿರುವುದು ದರಪಟ್ಟಿಯಲ್ಲಿ ಮೂರು ಸಾಲು. ದಕ್ಷತೆಯನ್ನು ಯಾವ ಕ್ಯಾಲರಿ ಮೌಲ್ಯದ ಮೇಲೆ ಹೇಳಲಾಗಿದೆ? ಬಾಯ್ಲರಿಗೆ ಬಿಡುವ ನೀರು ಎಷ್ಟು ಬಿಸಿಯಿರಬೇಕು, ಹಬೆಯ ಒತ್ತಡವೆಷ್ಟು? ಆ ಸ್ಥಿತಿಯಲ್ಲಿ ಕಿಲೊ ಇಂಧನಕ್ಕೆ ಬರುವ ಹಬೆ ಎಷ್ಟು? ಸಾಲ ಕೊಡುವ ಬ್ಯಾಂಕು ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರ ಈ ಮೂರು ಸಾಲುಗಳಿಲ್ಲದ ದರಪಟ್ಟಿಯನ್ನು ಹಿಂದಿರುಗಿಸಿದರೆ ಸಾಕು. ಬಾಯ್ಲರ್ ಕೂರಿಸಿದ ಮೇಲೆ ನೀರು ಮತ್ತು ಅನಿಲವನ್ನು ಒಂದು ದಿನ ಅಳೆದು ತಾಳೆ ನೋಡುವ ಕೆಲಸವನ್ನು ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳ ವಿದ್ಯಾರ್ಥಿಗಳು ಮಾಡಬಲ್ಲರು. ಅವರಿಗೂ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಇಷ್ಟಾದರೂ ಮಾಡದಿದ್ದರೆ ಕೆಟ್ಟ ಹೆಸರು ಬರುವುದು ಅನಿಲಕ್ಕೆ. ಹೊಗೆ ಕಡಿಮೆಯಾಗಲೆಂದು ಸೌದೆ ಬಿಟ್ಟವರು ಮತ್ತೆ ಸೌದೆಗೇ ಮರಳುತ್ತಾರೆ. ಮೊದಲೇ ಕಾಡು ವಿರಳವಾದ ಬೀದರ್ ಜಿಲ್ಲೆಗೆ ಇದು ದುಬಾರಿಯಾದ ತಪ್ಪು.

ನಮ್ಮ ಉದ್ಯಮಿ ಸದ್ಯ ಮರಳಿಲ್ಲ. ಕೆಲಸ ಮುಗಿಸಿದ ಹಬೆ ತಣಿದು ಬಿಸಿ ನೀರಾಗಿ ಅವರ ಚರಂಡಿಗೆ ಹರಿಯುತ್ತಿತ್ತು. ಅದನ್ನು ತೊಟ್ಟಿಯಲ್ಲಿ ಹಿಡಿದು ಬಾಯ್ಲರಿಗೇ ಬಿಟ್ಟ ಮೇಲೆ ಒಳಹೋಗುವ ನೀರು 80 ಡಿಗ್ರಿ ಮುಟ್ಟಿತು, ಹಬೆ ಕಿಲೊ ಅನಿಲಕ್ಕೆ 17 ಕಿಲೊದ ಹತ್ತಿರ ಬಂತು. ದರಪಟ್ಟಿಯ 19.8 ಎಂದೂ ಬರುವುದಿಲ್ಲ ಎಂಬುದು ಈಗ ಅವರಿಗೆ ತಿಳಿದಿದೆ. ಬಿಜ್ಜಳನ ಭಂಡಾರದ ಲೆಕ್ಕವನ್ನು ಬಸವಣ್ಣನವರು ನೋಡಿಕೊಂಡ ಕಲ್ಯಾಣದ ನೆಲ ಇದು. ಲೆಕ್ಕ ಕೇಳುವುದನ್ನು ಇಲ್ಲಿಯವರಿಗೆ ಹೊರಗಿನಿಂದ ಬಂದು ಯಾರೂ ಕಲಿಸಬೇಕಾಗಿಲ್ಲ.